ಮಂಗಳೂರಿಗೆ ಒಯ್ದ ನಾಲ್ಕು ಕಪ್ಪು ಕೋಟು

ಕ್ರಿಸ್‌ಮಸ್ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಕಾರ್ಕಳದಿಂದ ಹೊರಟೆ. ಮಂಗಳೂರಿಗೆ ಮೂವತ್ತೆರಡು ಮೈಲಿ, ಟಿಕೆಟಿಗೆ ಒಂದೂವರೆ ರೂಪಾಯಿ. ಹಳೆಯ ಸೀರೆಯಲ್ಲಿ ಸುತ್ತಿದ ನಾಲ್ಕು ಕಪ್ಪು ಕೋಟುಗಳು ಮಡಿಲಲ್ಲಿದ್ದವು. ಗಂಟನ್ನು ಬಸ್ಸಿನ ಮೇಲೆ ಹಾಕಲು ಕಂಡಕ್ಟರ್ ಹೇಳಿದ. ಇಸ್ತ್ರಿ ಹಾಳಾಗುತ್ತದೆಂದು ನಾನು ಒಪ್ಪಲಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಮಿಷನ್ ತುಳಿಯಲು ಕುಳಿತವನು ನಾನು. ನಮ್ಮ ಕಡೆಯ ಕ್ರಿಶ್ಚಿಯನ್ ಮದುಮಗ ಇಗರ್ಜಿಗೆ ಹೊರಟರೆ ಮೈಮೇಲೆ ನನ್ನ ಕೋಟೇ ಇರಬೇಕು.

ಅಂಥ ಒಂದು ಮದುವೆಯಲ್ಲಿ ನನ್ನ ಕೆಲಸ ನೋಡಿದವನು ಮಂಗಳೂರಿನ ಕುಲಶೇಖರದ ಫೆಲಿಕ್ಸ್. ಲಾರಿ ವರ್ಕ್‌ಶಾಪಿನ ಮೆಕ್ಯಾನಿಕ್. ಅವನೂ ಅಲ್ಲಿಯ ಮೂವರು ಗೆಳೆಯರೂ ಸೇರಿ ಗಿಟಾರು, ಡ್ರಮ್ಮು ಇಟ್ಟುಕೊಂಡು ವಿಲಾಯತಿಯ ಹೊಸ ರಾಕ್ ಹಾಡು ಹಾಡುತ್ತಾರೆ. ನಾಲ್ವರೂ ಕಾರ್ಕಳಕ್ಕೇ ಬಂದು, ಇಂಗ್ಲಿಷ್ ಪತ್ರಿಕೆಯಿಂದ ಕತ್ತರಿಸಿದ ಒಂದು ಫೋಟೋ ಕೊಟ್ಟಿದ್ದರು. ಕಾಲರಿಲ್ಲದ, ಮೈಗೆ ಅಂಟಿದ ಕೋಟು. ಹೀಗೇ ಬೇಕು ಎಂದಿದ್ದರು. ಒಬ್ಬೊಬ್ಬರನ್ನೇ ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದಿದ್ದೆ.

ಮೂಡಬಿದ್ರೆಯಲ್ಲಿ ಚಹಾ, ಎರಡು ಗೋಳಿಬಜೆ. ಗುರುಪುರ ಹೊಳೆಯ ಸಂಕ ದಾಟುವಷ್ಟರಲ್ಲಿ ಬೆಳಗಿನ ಚಳಿ ಹೋಗಿ ಸೆಕೆ ಶುರುವಾಯಿತು. ಮಂಗಳೂರಿನ ಹಂಪನಕಟ್ಟೆಯಲ್ಲಿ ಇಳಿದು ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಂಡು, ಸಂಜೆ ಅವರು ಹಾಡಲಿದ್ದ ಕಾರ್ಯಕ್ರಮದ ಹಾಲ್ ಹುಡುಕಿದೆ. ಭಾನುವಾರವಾದರೂ ಕೆಟ್ಟ ಲಾರಿಯೊಂದನ್ನು ರಿಪೇರಿ ಮಾಡಿ, ನಾಲ್ವರೂ ಖಾಕಿಯಲ್ಲೇ ಬಂದಿದ್ದರು. ಕೋಟು ತೊಟ್ಟು ಫೆಲಿಕ್ಸ್ ಕನ್ನಡಿಯ ಮುಂದೆ ಎರಡು ಸಲ ತಿರುಗಿ ನೋಡಿಕೊಂಡ. ನನಗೂ ಹೆಮ್ಮೆಯಾಯಿತು.

ಆಗ ಡ್ರಮ್ ಬಾರಿಸುವ ಬಾಸಿಲ್ ಸ್ಟೂಲಿನ ಮೇಲೆ ಕುಳಿತು ಕೋಲು ಎತ್ತಿದ. ಕೋಟಿನ ಎರಡೂ ಕಂಕುಳ ಹೊಲಿಗೆ ಚರ್ರೆಂದು ಬಿಟ್ಟವು. ಫೆಲಿಕ್ಸನ ಕೈ ಗಿಟಾರಿನ ಕುತ್ತಿಗೆಯವರೆಗೆ ಹೋಗಲೇ ಇಲ್ಲ.

ತಪ್ಪು ನನ್ನದೇ. ಫೋಟೋದಲ್ಲಿದ್ದವರು ಕೈ ಇಳಿಬಿಟ್ಟು ನಿಂತಿದ್ದರು, ನನ್ನ ಮದುಮಕ್ಕಳೂ ಹಾಗೆಯೇ ನಿಲ್ಲುತ್ತಾರೆ. ದುಡಿಯುವವರಿಗೆ ನಾನು ಮದುವೆಯ ಕೋಟು ಹೊಲಿದಿದ್ದೆ. ಲಾರಿಗೆ ಮೂಟೆ ಹೇರುವವರ ಅಂಗಿಯಂತೆ ನಾಲ್ಕೂ ಕೋಟಿನ ಕಂಕುಳಿಗೆ ಚೌಕ ತುಂಡು ಕೊಟ್ಟರೆ ಸರಿಹೋಗುತ್ತದೆ ಎಂದೆ. ಆದರೆ ಕಪ್ಪು ಬಟ್ಟೆ ಕಾರ್ಕಳದಲ್ಲಿ, ಪೇಟೆಯ ಜವಳಿ ಅಂಗಡಿಗಳಿಗೆ ರಜೆ. ಗಂಟೆ ಮೂರು, ಆರಕ್ಕೆ ಕಾರ್ಯಕ್ರಮ. ಮೊಳೆಯಲ್ಲಿ ತೂಗುತ್ತಿದ್ದ ಖಾಕಿ ಷರ್ಟುಗಳನ್ನು ನೋಡಿದೆ.

ಫೆಲಿಕ್ಸನ ಮುಖ ಇಳಿಯಿತು. "ನಾವು ಗ್ರೀಸಿನ ಕೈಯವರು ಅಂತ ಊರಿಗೆಲ್ಲ ಗೊತ್ತುಂಟು ಟೈಲರಣ್ಣ. ಇವತ್ತೊಂದು ದಿನ ಅದು ಕಾಣಬಾರದು ಅಂತಲೇ ಈ ಕೋಟು."

"ಕೈ ಎತ್ತದೆ ಬಾರಿಸ್ಲಿಕ್ಕೆ ನಾನೆಂತ ಮದುಮಗನಾ ಮಾರಾಯ?" ಎಂದ ಬಾಸಿಲ್. "ನಿನ್ನ ಷರ್ಟೇ ಉದ್ದ ಉಂಟು, ಕೊಡು."

ಫೆಲಿಕ್ಸ್ ಕೊಟ್ಟ, ಆದರೆ ಬೆನ್ನು ತಿರುಗಿಸಿ ನಿಂತ. ಷರ್ಟಿನ ಕೆಳಗಿನ ಅಂಚಿನಿಂದ ಎಂಟು ತುಂಡು ಕತ್ತರಿಸಿದೆ. ಒಂದೊಂದನ್ನೂ ಕೈಯಲ್ಲೇ ಎರಡು ಸುತ್ತು ಹೊಲಿದೆ.

ಮೊದಲ ಎರಡು ಹಾಡಿಗೆ ಫೆಲಿಕ್ಸ್ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ನುಡಿಸಿದ. ಜನ ಒಬ್ಬೊಬ್ಬರಾಗಿ ಎದ್ದು ಬಾಗಿಲ ಕಡೆ ಹೊರಟರು. ಮೂರನೆಯದಕ್ಕೆ ಬಾಸಿಲ್ ಎರಡೂ ಕೋಲನ್ನು ತಲೆಯ ಮೇಲಕ್ಕೆತ್ತಿದ, ಕಂಕುಳಿನ ಖಾಕಿ ಕಂಡಿತು. ಹಿಂದಿನ ಬೆಂಚಿನಿಂದ ಲಾರಿ ಡ್ರೈವರನೊಬ್ಬ, "ಅದು ನಮ್ಮ ವರ್ಕ್‌ಶಾಪಿನ ಖಾಕಿ ಅಲ್ವಾ?" ಎಂದ. ಇಡೀ ಹಾಲ್ ನಕ್ಕಿತು. ಫೆಲಿಕ್ಸ್ ಒಂದು ಕ್ಷಣ ನಿಂತ. ಆಮೇಲೆ ಕೈಯನ್ನು ಭುಜದ ಮೇಲಿನವರೆಗೆ ಎತ್ತಿ ತಂತಿಗೆ ಹೊಡೆದ. ಬಾಗಿಲ ಹತ್ತಿರ ಹೋದವರು ತಿರುಗಿ ಬಂದರು. ಆ ಹಾಡು ನನಗೆ ತಿಳಿಯಲಿಲ್ಲ, ನಾನು ಹೊಲಿಗೆ ನೋಡುತ್ತಿದ್ದೆ. ಎಂಟರಲ್ಲಿ ಒಂದೂ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ನನ್ನ ಬಸ್ಸು ಕುಲಶೇಖರ ದಾಟುವಾಗ ಫೆಲಿಕ್ಸ್ ಲಾರಿಯ ಬಾನೆಟ್ಟಿನಿಂದ ತಲೆ ಹೊರತೆಗೆದು ಕೈ ಬೀಸಿದ. ಅಂಚು ಕತ್ತರಿಸಿದ ಅದೇ ಷರ್ಟು ಹೊಕ್ಕುಳಿನ ಮೇಲಕ್ಕೆ ಏರಿತು. ಅವನು ಅದನ್ನು ಕೆಳಕ್ಕೆ ಎಳೆದುಕೊಳ್ಳಲಿಲ್ಲ.