ಚಾಪೆ ಎತ್ತರದ ಕಿಟಕಿ

ನಮ್ಮ ರಾಮಕ್ಕ ದೊಡ್ಡಮ್ಮ ರಸ್ತೆಗಿಳಿದರೆ ಅವರ ಕತ್ತು ಒಂದು ದಿಕ್ಕಿಗೆ ನಿಂತದ್ದನ್ನು ನಾನು ನೋಡಿಲ್ಲ. ಬಲಗಡೆ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಸೊಂಟನೋವು ಹೇಗಿದೆ ಎಂದು ಕೇಳುತ್ತಿದ್ದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಎಡಗಡೆ ಜಗಲಿಯ ಮೇಲಿನ ಮುದುಕನಿಗೆ, ಸೊಸೆ ತವರಿನಿಂದ ಬಂದಳೇ ಎಂಬ ಪ್ರಶ್ನೆ ಹೋಗಿರುತ್ತಿತ್ತು. ಎರಡು ಕಡೆಯ ಉತ್ತರವೂ ಅವರಿಗೆ ತಪ್ಪದೆ ಕೇಳಿಸುತ್ತಿತ್ತು, ಸಂಜೆ ಮನೆಗೆ ಬಂದು ಅಷ್ಟನ್ನೂ ನಮಗೆ ಒಪ್ಪಿಸುತ್ತಿದ್ದರು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎನ್ನುವುದು ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ.

ಗಿಡ್ಡ ಆಳು, ಹಣೆಯಲ್ಲಿ ಕಾಸಗಲ ಕುಂಕುಮ, ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಚೀಲ, ಅದರೊಳಗೊಂದು ಸುಣ್ಣದ ಡಬ್ಬಿ. "ನಾಕ್ ಜನ್ರ ಮಕ ನೋಡ್ದಿದ್ರೆ ಉಂಡನ್ನ ಅರಗಲ್ಲ ಕಣ್ ಮಗಾ" ಎನ್ನುತ್ತಿದ್ದರು. ಅರಗದೆ ಕಷ್ಟಪಟ್ಟದ್ದನ್ನು ನಾನು ಕಂಡಿದ್ದು ಒಂದೇ ಸಲ, ಅದೂ ಮನೆಗೆ ಜೀಪು ಬಂದ ಮೇಲೆ.

ಅರವತ್ತನೇ ಇಸವಿಯ ಆಸುಪಾಸು. ನನಗೆ ಹೆಬ್ಬಾಳದ ಪ್ರೈಮರಿ ಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಚಿಕ್ಕಜಾಲದ ಹತ್ತಿರವಿದ್ದ ದೊಡ್ಡಪ್ಪನ ಮನೆಯಲ್ಲೇ ಇದ್ದೆ. ಅವರದು ದ್ರಾಕ್ಷಿ ತೋಟ. ಮೊದಲೆಲ್ಲ ದ್ರಾಕ್ಷಿ ಕುಕ್ಕೆಗಳು ಎತ್ತಿನ ಗಾಡಿಯಲ್ಲಿ ಬಳ್ಳಾರಿ ರಸ್ತೆ ಹಿಡಿದು ಸಿಟಿ ಮಾರ್ಕೆಟ್ಟಿಗೆ ಹೋಗುತ್ತಿದ್ದವು. ಹುಲ್ಲಿನ ಮೇಲೆ ಚಾಪೆ ಹಾಸಿ ದೊಡ್ಡಮ್ಮನೂ ಹೋಗುತ್ತಿದ್ದರು. ವ್ಯಾಪಾರಕ್ಕೆ ಅವರು ಬೇಕಾಗಿರಲಿಲ್ಲ, ದಾರಿ ಅವರಿಗೆ ಬೇಕಾಗಿತ್ತು. ಯಲಹಂಕ, ಬ್ಯಾಟರಾಯನಪುರ, ಕೊಡಿಗೇಹಳ್ಳಿ ಗೇಟು, ಹೆಬ್ಬಾಳದ ಕೆರೆ ಏರಿ, ಗಂಗಾನಗರ, ಎಲ್ಲಾ ಕಡೆಯೂ ಅವರಿಗೆ ನೆಂಟಸ್ತಿಕೆ ಇಲ್ಲದ ನೆಂಟರಿದ್ದರು.

ಅವರಲ್ಲೆಲ್ಲ ಹತ್ತಿರದವಳು ಕೊಡಿಗೇಹಳ್ಳಿ ಗೇಟಿನಲ್ಲಿ ಹೂ ಮಾರುತ್ತಿದ್ದ ಹನುಮಕ್ಕ. ಅವಳ ಒಬ್ಬಳೇ ಮಗಳು ಗೌರಿ ಹುಟ್ಟಿದ್ದು ದೊಡ್ಡಮ್ಮನ ಗಾಡಿಯಲ್ಲೇ. ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದಾಗ ನೋವು ಬಂತಂತೆ. ಗಾಡಿಗೆ ಹತ್ತಿಸಿಕೊಂಡು ಹೆಬ್ಬಾಳ ತಲುಪುವಷ್ಟರಲ್ಲಿ ಚಾಪೆಯ ಮೇಲೆ ಮಗು ಅಳುತ್ತಿತ್ತಂತೆ. ಗೌರಿಯ ಮಾತು ಬಂದರೆ ದೊಡ್ಡಮ್ಮ "ನಮ್ ಗಾಡಿ ಮಗ" ಎಂದೇ ಹೇಳುತ್ತಿದ್ದರು.

ಇಂಥವರ ಮನೆಗೆ ದೊಡ್ಡಪ್ಪ ಮಿಲಿಟರಿ ಹರಾಜಿನಲ್ಲಿ ಒಂದು ಜೀಪು ಕೊಂಡು ತಂದರು. ಮುಂದೆ ಡ್ರೈವರನ ಜಾಗ, ಪಕ್ಕದಲ್ಲೊಂದು ಸೀಟು. ಹಿಂದೆ ಪೂರಾ ತಗಡಿನ ಗೂಡು. ವೈರ್ಲೆಸ್ ಯಂತ್ರ ಇಡಲು ಮಾಡಿದ್ದಂತೆ, ಪಕ್ಕಗಳಲ್ಲಿ ಬೆಳಕು ಬರಲು ಒಂದು ತೂತೂ ಇರಲಿಲ್ಲ. ಹಿಂಬಾಗಿಲು ತೆರೆದಿಟ್ಟರೆ ಕೆಂಪು ಧೂಳು, ಹೊಗೆ ಎರಡೂ ಒಳಗೆ ಬರುತ್ತಿದ್ದವು, ಮುಚ್ಚಿದರೆ ಕಗ್ಗತ್ತಲು. ಗೋಡೆಗೆ ಅಂಟಿಕೊಂಡು ಎರಡು ತಗಡಿನ ಬೆಂಚುಗಳಿದ್ದವು. ಜಾರುತ್ತದೆ ಎಂದು ದೊಡ್ಡಮ್ಮ ಅವುಗಳ ಮೇಲೆ ಕುಕ್ಕೆಗಳನ್ನು ಕೂರಿಸಿ, ತಾವು ಗಾಡಿಯಲ್ಲಿದ್ದ ಹಾಗೇ ಕೆಳಗೆ ಚಾಪೆ ಹಾಸಿ ಕೂತರು. ಪಕ್ಕದಲ್ಲಿ ನಾನು. ದ್ರಾಕ್ಷಿಯ ವಾಸನೆ, ಪೆಟ್ರೋಲಿನ ವಾಸನೆ, ತಗಡಿನ ದಡಬಡ. ಯಲಹಂಕ ಬಂತೋ ಬಿಟ್ಟಿತೋ ಒಂದೂ ತಿಳಿಯುತ್ತಿರಲಿಲ್ಲ.

ಮುಂದಿನ ಸೀಟಿನಲ್ಲಿ ಕೂತುಕೊಳ್ಳಿ ಎಂದು ನಾನೇ ಒಂದು ದಿನ ಹೇಳಿದೆ. ಗಂಡನ ಪಕ್ಕ ಕೂತು ಊರೂರಲ್ಲಿ ಮೆರವಣಿಗೆ ಹೋಗೋಕೆ ನಾನೇನು ಹೊಸ ಮದುವಣಗಿತ್ತಿಯೇ ಎಂದು ನನ್ನ ಬಾಯಿ ಮುಚ್ಚಿಸಿದರು. ಅಲ್ಲದೆ ಆ ಸೀಟು ಖಾಲಿ ಇದ್ದದ್ದೇ ಕಡಿಮೆ. ಪಟೇಲರೋ ಶಾನುಭೋಗರೋ ಯಾರಾದರೊಬ್ಬ ಗಂಡಸು ಅಲ್ಲಿ ಇದ್ದೇ ಇರುತ್ತಿದ್ದರು.

ಹೀಗೆ ಒಂದು ಸುಗ್ಗಿ ಕಳೆಯಿತು. ಆಮೇಲೆ ಬಂತು ಸುದ್ದಿ. ಗೌರಿಗೆ ಮದುವೆ ಗೊತ್ತಾಗಿದೆ, ಹನುಮಕ್ಕ ಯಲಹಂಕದವರೆಗೂ ಅರಿಶಿನ ಕುಂಕುಮ ಕೊಟ್ಟು ಕರೆದು ಹೋಗಿದ್ದಾಳೆ, ನಮ್ಮ ಮನೆಗೆ ಮಾತ್ರ ಬಂದಿಲ್ಲ. ಕಾರಣವೂ ಸುದ್ದಿಯ ಜೊತೆಗೇ ಬಂತು. ಹನುಮಕ್ಕ ಎಷ್ಟೋ ಸಲ ರಸ್ತೆ ಬದಿಯಿಂದ ಕೂಗಿ ಕೈಬೀಸಿದ್ದಳಂತೆ. ಜೀಪು ನಿಲ್ಲದೆ ಹೋಯಿತಂತೆ. ಗೌಡರಮ್ಮನಿಗೆ ಈಗ ನಾವೆಲ್ಲಿ ಕಾಣುತ್ತೇವೆ ಎಂದು ಅವಳು ನೊಂದುಕೊಂಡಳಂತೆ.

ದೊಡ್ಡಮ್ಮ ಆವತ್ತು ಊಟ ಮಾಡಲಿಲ್ಲ. ಹೋಗಿ ಹೇಳಿ ಬರೋಣ ಎಂದೆ. "ಏನಂತ ಏಳ್ಲಿ? ಮದ್ವೆಗೆ ಕರಿ ಅಂತ ನಾನಾಗೇ ಓಗಿ ಕೇಳಕಾಯ್ತದಾ?" ಎಂದರು. ಕೇಳಿ ಪಡೆದ ಕರೆ ಕರೆಯೇ ಅಲ್ಲ, ಅದು ನನಗೂ ಗೊತ್ತಿತ್ತು. ಗಾಡಿಯಲ್ಲಿ ಹುಟ್ಟಿದ ಮಗುವಿನ ಧಾರೆಗೆ ತಾವಿಲ್ಲದೆ ಹೋಗುತ್ತದಲ್ಲ ಎಂಬ ಸಂಕಟದಲ್ಲಿ ಅವರು ಎಲೆಗೆ ಸುಣ್ಣ ಹಚ್ಚಿದ್ದೇ ಹಚ್ಚಿದ್ದು, ಬಾಯಿಗೆ ಹಾಕಿಕೊಳ್ಳಲಿಲ್ಲ. ಅವರ ಆ ಮುಖ ನನಗೆ ನೋಡಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ದೊಡ್ಡಮ್ಮ ದೊಡ್ಡಪ್ಪನ ಮುಂದೆ ನಿಂತು, ಜೀಪಿನ ಎರಡು ಪಕ್ಕಕ್ಕೂ ಕಿಟಕಿ ಇಡಿಸಿ ಎಂದರು. ದೊಡ್ಡಪ್ಪ ರಾಗಿಮುದ್ದೆ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. "ಯುದ್ಧ ಕಂಡಿರೋ ಗಾಡಿ ಕಣೇ ಅದು. ಅದ್ರ ಪಕ್ಕೆ ಕುಯ್ಸು ಅಂತೀಯಲ್ಲ" ಎಂದು ನಕ್ಕುಬಿಟ್ಟರು. ತಗಡಿನ ಬಲ ಹೋಗುತ್ತದೆ, ಮಳೆನೀರು ನುಗ್ಗುತ್ತದೆ, ದ್ರಾಕ್ಷಿಗೆ ಧೂಳು ಮೆತ್ತುತ್ತದೆ ಎಂದೆಲ್ಲ ವಿವರಿಸಿದರು. ದೊಡ್ಡಮ್ಮ ಪೂರ್ತಿ ಕೇಳಿ, ಗೋಣು ಆಡಿಸಿ, ಹಿತ್ತಿಲಿಗೆ ಹೋಗಿ ಆಳಿಗೆ ಗಾಡಿ ಕಟ್ಟಲು ಹೇಳಿದರು.

ಅಲ್ಲಿಂದ ಮುಂದೆ ನಡೆದದ್ದನ್ನು ನೆನೆದರೆ ಈಗಲೂ ನನಗೆ ನಗು ತಡೆಯಲಾಗುವುದಿಲ್ಲ. ಕೋಳಿ ಕೂಗುವ ಹೊತ್ತಿಗೇ ದೊಡ್ಡಮ್ಮನ ಖಾಲಿ ಗಾಡಿ ಹೊರಡುತ್ತಿತ್ತು, ಯಲಹಂಕದವರೆಗೆ ಹೋಗಿ ತಿರುಗಿ ಬರುತ್ತಿತ್ತು. ಹನುಮಕ್ಕನ ಗೇಟಿನವರೆಗೆ ಹೋಗಲು ಮಾತ್ರ ಅವರ ಅಭಿಮಾನ ಬಿಡುತ್ತಿರಲಿಲ್ಲ. ಬಿಸಿಲೇರಿದ ಮೇಲೆ ದೊಡ್ಡಪ್ಪನ ಜೀಪು ಅವರನ್ನು ಹಿಂದೆ ಹಾಕಿ ಹೋಗುತ್ತಿತ್ತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಗಂಡನಿಗೆ ದಾರಿ ಬಿಡಿಸಿ ಕೊಡುತ್ತಿದ್ದರು. ಅಮ್ಮಾವ್ರನ್ನ ಗಾಡೀಲಿ ಬಿಟ್ಟು ಒಬ್ಬರೇ ಜೀಪಲ್ಲಿ ಬಂದಿರಲ್ಲ ಗೌಡ್ರೇ, ಮನೇಲಿ ಏನಾದರೂ ಜಗಳವೇ ಎಂದು ಟೀ ಅಂಗಡಿಯಿಂದ ಹಿಡಿದು ಪಂಚಾಯ್ತಿ ಕಟ್ಟೆಯವರೆಗೆ ಎಲ್ಲರೂ ಕೇಳತೊಡಗಿದರು. ಮುಂದಿನ ಸೀಟಿನ ಪಟೇಲರು ಮೀಸೆಯಡಿ ನಗುತ್ತಿದ್ದರು. ದೊಡ್ಡಪ್ಪ ವಾರವೂ ತಡೆಯಲಿಲ್ಲ. "ಏಯ್, ನಾಳೆ ಯಶವಂತಪುರಕ್ಕೆ ಓಗಣ, ನಡಿ" ಎಂದರು.

ಯಶವಂತಪುರದಲ್ಲಿ ಖಾದರ್ ಸಾಬರು ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದರು. ಗುಜರಿಗೆ ಬಂದ ಬಸ್ಸೊಂದರ ಕಿಟಕಿಗಳು ಅವರಲ್ಲಿದ್ದವು, ಪಕ್ಕಕ್ಕೆ ಎಳೆದರೆ ತೆರೆಯುವ ಗಾಜು. ದೊಡ್ಡಪ್ಪ ಹೊರಗೆ ಯಾರೋ ಲಾರಿ ಮಾಲೀಕರ ಜೊತೆ ಬೀಡಿ ಹಚ್ಚಿ ಮಾತಿಗೆ ನಿಂತರು. ಸಾಬರು ಒಳಗೆ ಬಗ್ಗಿ, "ಅಮ್ಮಾ, ನೀವು ಯಾವಾಗ್ಲೂ ಕೂತ್ಕೊಳ್ಳೋ ಹಂಗೆ ಕೂತು, ಕಣ್ಣು ಬರೋ ಜಾಗಕ್ಕೆ ಗುರ್ತು ಮಾಡ್ಕೊಡಿ. ತಗಡು ಕುಯ್ದ ಮೇಲೆ ಮತ್ತೆ ಹೊಲಿಯೋಕಾಗಲ್ಲ" ಎಂದು ಹೇಳಿ, ಮರ್ಯಾದೆಗೆ ಆಚೆ ಹೋದರು. ದೊಡ್ಡಮ್ಮ ಚಾಪೆ ಹಾಸಿಕೊಂಡು ಚಕ್ಕಳಮಕ್ಕಳ ಕೂತು, ಡಬ್ಬಿಯಿಂದ ಸುಣ್ಣ ತೆಗೆದು, ಬೆಂಚು ದಾಟಿ ಕೈ ಚಾಚಿ ಎರಡೂ ಗೋಡೆಗೆ ಬೆರಳಲ್ಲಿ ಗೀಟೆಳೆದರು. ನಾನೂ ಪಕ್ಕದಲ್ಲಿ ಚಾಪೆಯ ಮೇಲೇ ಕೂತಿದ್ದೆ, ನನಗೂ ಸರಿಯಾಗೇ ಕಂಡಿತು. ಸಾಬರು ಮಾತ್ರ ಗೀಟು ನೋಡಿ, ಇಷ್ಟು ಕೆಳಗಾ ಎಂದು ಒಮ್ಮೆ ಕೇಳಿದರು. ನನ್ನ ಕಣ್ಣು ಇರುವುದು ಅಲ್ಲೇ ಎಂದು ದೊಡ್ಡಮ್ಮ ಖಡಾಖಂಡಿತವಾಗಿ ಹೇಳಿದರು. ಸಾಬರು ಮತ್ತೆ ಕೇಳಲಿಲ್ಲ.

ಜೀಪು ಸಿದ್ಧವಾದ ದಿನ ತರಲು ನಾವು ಮೂವರೂ ಹೋದೆವು. ಕೆಲಸವೇನೋ ಅಚ್ಚುಕಟ್ಟಾಗಿತ್ತು. ಕಿಟಕಿಗೆ ಸುತ್ತ ರಬ್ಬರು ಪಟ್ಟಿ, ಮೇಲೆ ನೀರು ಇಳಿಯದಂತೆ ತಗಡಿನ ಸಣ್ಣ ಹುಬ್ಬು. ದೊಡ್ಡಪ್ಪ ಸಂತೋಷದಿಂದಲೇ ಹಿಂದೆ ಹತ್ತಿ ಬೆಂಚಿನ ಮೇಲೆ ಕೂತು ಅತ್ತಿತ್ತ ನೋಡಿದರು. ಕಿಟಕಿ ಕಾಣಲಿಲ್ಲ. ಅದು ಅವರ ಸೊಂಟದ ಹತ್ತಿರ, ಬೆನ್ನ ಹಿಂದೆ ಇತ್ತು. ಹೊರಗೆ ನಿಂತಿದ್ದ ನಮಗೆ ಗಾಜಿನೊಳಗೆ ಅವರ ಅಂಗಿಯೂ ಪಂಚೆಯ ಗಂಟೂ ಚೌಕಟ್ಟು ಹಾಕಿದ ಹಾಗೆ ಕಾಣಿಸಿದವು. ಖಾದರ್ ಸಾಬರು ಆಕಾಶ ನೋಡಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ದೊಡ್ಡಮ್ಮ ಮಾತ್ರ ಒಂದಿಷ್ಟೂ ಅಳುಕಲಿಲ್ಲ. "ಮ್ಯಾಲ್ಯಾಕೆ ಕುಂತ್ರಿ? ಕೆಳೀಕ್ ಬನ್ನಿ, ಎಲ್ಲಾ ಕಾಣ್ತದೆ" ಎಂದರು.

ಆವತ್ತು ಹೆಬ್ಬಾಳದ ಮೇಲೆ ಊರಿಗೆ ಹಿಂತಿರುಗುವಾಗ ದೊಡ್ಡಮ್ಮನ ಕೈ ಗಾಜಿನ ಹಿಡಿಯ ಮೇಲೇ ಇತ್ತು. ಕೊಡಿಗೇಹಳ್ಳಿ ಗೇಟು ಬಂದದ್ದು ನಮಗೀಗ ಕಾಣಿಸಿತು. ಅವರು ತಗಡು ಬಡಿದರು, ದೊಡ್ಡಪ್ಪ ನಿಲ್ಲಿಸಿದರು. ಎಂಜಿನ್ ಆರಿಸಲಿಲ್ಲ. ಆರಿಸಿದರೆ ಮತ್ತೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಲ್ಲ ಎಂದು ಅವರು ದಾರಿಯಲ್ಲಿ ಎಲ್ಲೂ ಆರಿಸಿದವರಲ್ಲ, ಮಾತು ಬೆಳೆದರೆ ಗರ್ ಗರ್ ಎನಿಸಿ ಅವಸರಪಡಿಸುತ್ತಿದ್ದರು. ಹನುಮಕ್ಕ ಜೀಪು ನೋಡಿ ಮುಖ ತಿರುಗಿಸಿಕೊಂಡು ಹೂ ಕಟ್ಟುವುದರಲ್ಲಿ ಮುಳುಗಿದಳು. ದೊಡ್ಡಮ್ಮ ಗಾಜು ಎಳೆದು ಕೈ ಆಚೆ ಹಾಕಿದರು.

"ಅನುಮಕ್ಕ, ಇಲ್ನೋಡು. ಕತ್ಲೆ ಪೆಟ್ಗೇಲಿ ಆಕಿದ್ರು ಕಣೇ ನನ್ನ. ನೀನು ಕಾಣ್ಲಿ ಅಂತ ಗೋಡೆ ಕುಯ್ಸ್ಕೊಂಡ್ ಬಂದಿವ್ನಿ."

ಹನುಮಕ್ಕ ಎದ್ದು ಬಂದಳು. ಅವಳೂ ಗಿಡ್ಡ. ರಸ್ತೆಯಲ್ಲಿ ನಿಂತರೆ ಅವಳ ಮುಖ ಸರಿಯಾಗಿ ಕಿಟಕಿಯ ಮಟ್ಟಕ್ಕೆ ಬಂತು. ಒಳಗಿನ ಚಾಪೆ, ಹೊಸ ರಬ್ಬರು, ತಗಡಿನ ಮೇಲೆ ಇನ್ನೂ ಉಳಿದಿದ್ದ ಸುಣ್ಣದ ಗೀಟು ಎಲ್ಲ ನೋಡಿದಳು. "ನಾನು ಕೂಗಿದ್ದು ಕೇಳ್ಲಿಲ್ವಾ ಅಂಗಾರೆ?" ಎಂದಳು. ದೊಡ್ಡಮ್ಮ ಇಲ್ಲವೆಂದು ತಲೆಯಾಡಿಸಿದರು. ಹನುಮಕ್ಕ ಬುಟ್ಟಿಯ ಹತ್ತಿರ ಹೋಗಿ ಭರಣಿ ತಂದು, ಕಿಟಕಿಯೊಳಗೆ ಕೈ ಚಾಚಿ ಅರಿಶಿನ ಕುಂಕುಮ ಕೊಟ್ಟು, ಸೋಮವಾರ ಮದುವೆ, ಭಾನುವಾರವೇ ಬಂದು ಚಪ್ಪರದಲ್ಲಿ ಕೂರಬೇಕು ಎಂದಳು. ಮುಂದೆ ಎಂಜಿನ್ ಗರ್ ಎಂದಿತು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಮದುವೆಯಲ್ಲಿ ದೊಡ್ಡಮ್ಮನದೇ ಓಡಾಟ. ಆಮೇಲೆ ಕುಕ್ಕೆಗಳು ಕಿಟಕಿಗೆ ಅಡ್ಡವಾಗದಂತೆ ಬೆಂಚಿನ ತುದಿಗೆ ಸರಿದವು, ಜೀಪಿಗೂ ಒಂದು ಸಂಪ್ರದಾಯ ಬೆಳೆಯಿತು. ಹಿಂದೆ ಹತ್ತುವವರು ಯಾರೇ ಆಗಲಿ, ಹೊರಗಿನದು ಕಾಣಬೇಕಾದರೆ ಕೆಳಗೆ ಕೂರಬೇಕು, ಚಾಪೆಯ ಮೇಲೆ ಕೂರಬೇಕಾದರೆ ಚಪ್ಪಲಿ ಬಿಡಬೇಕು. ನಮ್ಮ ಸ್ಕೂಲಿನ ಇನ್ಸ್‌ಪೆಕ್ಟರು ಒಮ್ಮೆ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಹತ್ತಿ, ಕೋಟು ಟೈ ಸಮೇತ ಚಕ್ಕಳಮಕ್ಕಳ ಕೂತರು. ದೊಡ್ಡಮ್ಮ ಅವರಿಗೆ ದಾರಿಯುದ್ದಕ್ಕೂ ಯಾರ ಮನೆ ಯಾವುದು, ಯಾವ ಮನೆಯ ಮಗು ಯಾಕೆ ಸ್ಕೂಲಿಗೆ ಬರುತ್ತಿಲ್ಲ ಎಂದು ತೋರಿಸುತ್ತಾ ಬಂದರು. ಇಳಿಯುವಾಗ ಆ ಮನುಷ್ಯ ಅವರಿಗೆ ಕೈಮುಗಿದು ಇಳಿದರು. ಬೂಟನ್ನು ಜೀಪಿನಲ್ಲೇ ಮರೆತರು.

ವರ್ಷಗಳು ಕಳೆದವು. ದೊಡ್ಡಮ್ಮನಿಗೆ ಕಾಯಿಲೆ ಬಂದಾಗ ಆಸ್ಪತ್ರೆಗೂ ಅದೇ ಜೀಪಿನಲ್ಲಿ ಹೋದೆವು. ಚಾಪೆಯ ಮೇಲೆ ಹಾಸಿಗೆ ಹಾಸಿ, ತಲೆಗೆ ಎರಡು ದಿಂಬು ಕೊಟ್ಟು ಒರಗಿಸಿದ್ದೆವು. ದಾರಿಯಲ್ಲಿ ನಿಂತವರೆಲ್ಲ ಕಿಟಕಿಗೆ ಮುಖ ತಂದು ಮಾತಾಡಿಸಿದರು, ಎತ್ತರದವರು ಬಗ್ಗಿ ನೋಡಿದರು. ಹೆಬ್ಬಾಳದ ಕೆರೆ ಬಂದಾಗ ಅವರು ನನ್ನ ಕೈ ಹಿಡಿದು, "ಎತ್ರ ಸರ್ಯಾಗೈತೆ, ನೋಡ್ದಾ?" ಎಂದರು. ಅವರು ನನ್ನೊಡನೆ ಸ್ಪಷ್ಟವಾಗಿ ಆಡಿದ ಕೊನೆಯ ಮಾತು ಅದೇ. ಆಸ್ಪತ್ರೆಯಿಂದ ಅವರು ಮಾತಾಡಿಸುವ ಹಾಗೆ ಹಿಂತಿರುಗಲಿಲ್ಲ.

ತಿಥಿಯೆಲ್ಲ ಮುಗಿದು ಮತ್ತೆ ಸ್ಕೂಲಿಗೆ ಹೊರಟ ದಿನ, ಮುಂದಿನ ಸೀಟು ಖಾಲಿಯಿದ್ದರೂ ನಾನು ಹಿಂದೆಯೇ ಹತ್ತಿ ಚಾಪೆಯ ಮೇಲೆ ಕೂತೆ. ಕೊಡಿಗೇಹಳ್ಳಿ ಗೇಟಿನಲ್ಲಿ ಯಾರೂ ತಗಡು ಬಡಿಯದೆ ಜೀಪು ತಾನಾಗಿ ನಿಂತಿತು. ಹನುಮಕ್ಕ ಬಂದು ಹೊರಗಿನಿಂದಲೇ ಗಾಜು ಎಳೆದಳು. ನನ್ನನ್ನೂ ಪಕ್ಕದ ಖಾಲಿ ಜಾಗವನ್ನೂ ನೋಡಿದಳು. ಒಂದು ಮೊಳ ಕನಕಾಂಬರ ನನ್ನ ಮಡಿಲಿಗಿಟ್ಟು ಹಾಗೇ ನಿಂತಳು. ನಾನು ಹೂವಿನ ದಾರದ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತೆ.

"ಯಾಕವ್ವ ಸುಮ್ಕೆ ಕುಂತಿದೀಯ?" ಎಂದಳು ಹನುಮಕ್ಕ. "ಏನಾರಾ ಕೇಳು."

ಗೌರಿ ಹೇಗಿದ್ದಾಳೆ, ಮಗುವಿಗೆ ಹಲ್ಲು ಬಂತೇ ಎಂದು ಕೇಳಿದೆ. ಅವಳು ಕಿಟಕಿಗೆ ಮೊಣಕೈ ಊರಿ ಹೇಳತೊಡಗಿದಳು. ಮುಂದೆ ದೊಡ್ಡಪ್ಪ ಎಂಜಿನ್ ಆರಿಸಿದರು.