ದೊಡ್ಡೋರು: ಹೌದು

ಅಥವಾ ಫೋನು ಮಾತಾಡಿದ್ದು ಬಾಗಿಲು ಮುಚ್ಚುವ ಮೊದಲೇ ಇರಬಹುದು. ಈ ನೆನಪನ್ನು ಎಷ್ಟು ಸಲ ತಿದ್ದಿದ್ದೇನೆಂದರೆ ಮೂಲಪ್ರತಿ ಯಾವುದೆಂದು ನನಗೇ ತಿಳಿಯದು. ಪ್ರೋಗ್ರಾಮ್ ಬರೆಯುವವರಿಗೆ ಇದು ಕಸುಬಿನ ಕಾಯಿಲೆ. ಇದೆಯೇ, ಬಂದಿತೇ, ಮುಗಿಯಿತೇ ಎಂಬ ಪ್ರತಿಯೊಂದು ಸಂಗತಿಗೂ ನಾವು ಹೆಸರಿಟ್ಟು, ಮುಂದೆ 'ಹೌದು' ಅಥವಾ 'ಅಲ್ಲ' ಎಂದು ತುಂಬಿ, ಅದನ್ನು ಪ್ರಾಪರ್ಟಿ ಎನ್ನುತ್ತೇವೆ. ಹೆಸರು ಓದಿದರೆ ಅಪರಿಚಿತನಿಗೂ ಒಳಗೇನಿದೆ ಎಂಬುದು ತಿಳಿಯಬೇಕು. ಹೊಸಬರಿಗೆಲ್ಲ ಈ ಧರ್ಮವನ್ನು ಬೋಧಿಸುತ್ತಿದ್ದ ನಾನು ಸೋತದ್ದು ಬೀಚನಹಳ್ಳಿ ಹತ್ತಿರದ ನನ್ನ ಸೋದರತ್ತೆಯ ಮುಂದೆ.

ಅವರ ಮುಸುಕಿನ ಜೋಳದ ಹೊಲ ಮನೆಯ ಹಿಂದೆಯೇ, ಅದರಾಚೆ ಕಾಡು. ಆನೆ ಬಂದರೆ ಫೋನು ಕೂಗಿ ಹೇಳಲೆಂದು ಕಂಬಕ್ಕೊಂದು ಕ್ಯಾಮೆರಾ ಕಟ್ಟಿ, ಪ್ರಾಪರ್ಟಿಗೆ 'ಆನೆ ಬಂದಿದೆ' ಎಂದು ಹೆಸರಿಟ್ಟೆ. ಅತ್ತೆ ಒಪ್ಪಲಿಲ್ಲ. ಹೊತ್ತು ಮುಳುಗಿದ ಮೇಲೆ ಅಲ್ಲಿ ಆ ಹೆಸರೆತ್ತುವುದಿಲ್ಲ, ಕರೆದರೆ ಬರುತ್ತದಂತೆ. ನೀವು ನಗಬಹುದು, ನನಗೆ ಆ ಹಕ್ಕಿಲ್ಲ: ಹೆಸರು ಹಿಡಿದು ಕರೆದರೆ ಬರುತ್ತದೆಂಬ ನಂಬಿಕೆಯ ಮೇಲೆಯೇ ನನ್ನ ಸಂಬಳವೂ ನಿಂತಿದೆ. ಊರವರು ಆನೆಯನ್ನು ಕರೆಯುವಂತೆ 'ದೊಡ್ಡೋರು' ಎಂದು ಬದಲಿಸಿದೆ. ತೀರಿಕೊಂಡ ಹಿರಿಯರನ್ನೂ ಅವರು ಹಾಗೆಯೇ ಅನ್ನುತ್ತಾರೆಂಬುದು ಹೊಳೆಯಲಿಲ್ಲ.

ಮಹಾಲಯ ಅಮಾವಾಸ್ಯೆಯ ಸಂಜೆ, ತೀರಿಹೋದ ಮಾವನಿಗೆ ಮೊದಲ ಎಡೆ. ಮುದ್ದೆ, ಮಾಂಸದ ಸಾರು, ಬೀಡಿ ಕಟ್ಟು ಎಲ್ಲ ಇಟ್ಟು, ಅವರು ಉಣ್ಣಲೆಂದು ಬಾಗಿಲು ಮುಚ್ಚಿ ನಾವಿಬ್ಬರೂ ಅಂಗಳದಲ್ಲಿ ನಿಂತೆವು. ಆಗ ಅತ್ತೆಯ ಸೊಂಟದಲ್ಲಿದ್ದ ಫೋನು, ನಾನೇ ತುಂಬಿದ ದನಿಯಲ್ಲಿ, "ದೊಡ್ಡೋರು ಬಂದವ್ರೆ" ಎಂದಿತು.

ಮನೆಯ ಹಿಂದೆ ದಂಟು ಮುರಿಯುವ ಸದ್ದು. ಒಳಗೆ ಸೇರಿ ಅಗುಳಿ ಹಾಕಿಕೊಳ್ಳೋಣವೆಂದು ಬಾಗಿಲಿಗೆ ಕೈಹಾಕಿದೆ. ಅತ್ತೆ ಅಡ್ಡ ನಿಂತರು.

"ತಗೀಬ್ಯಾಡ ಕಣಪ್ಪ, ಉಣ್ತಾವ್ರೆ."

"ಅತ್ತೆ, ಅದು ಮಾವ ಅಲ್ಲ, ಆನೆ."

"ಎಸ್ರು ಎತ್ತಬ್ಯಾಡ ಅಂದಿಲ್ವ? ದೊಡ್ಡೋರು ಅಂತ ಮಡಗ್ದೋನು ನೀನೇ. ಬಂದಿರೋದು ಯಾರು ಅಂತ ನಿಂಗೇ ಗೊತ್ತಿಲ್ವಲ್ಲೋ."

ಸದ್ದು ನಿಂತಿತು. ಆಮೇಲೆ ಉಸಿರಾಟ ಕೇಳಿಸಿತು. ಹೊಲದಿಂದ ಎಂದು ಬರೆಯಲು ಹೊರಟಿದ್ದೆ, ಬಾಗಿಲಿನ ಒಳಗಿನಿಂದ ಎಂದೂ ಬರೆಯಬಹುದು. ಅತ್ತೆ ಅಲುಗಲಿಲ್ಲ. ಅದೂ ನಿಂತ ಮೇಲೆ ಅವರೇ ಮೆಲ್ಲಗೆ ಕದ ತಟ್ಟಿ ತೆರೆದರು. ಎಡೆ ಇಟ್ಟಂತೆಯೇ ಇತ್ತು. ಬೀಡಿಯ ಹೊಗೆ ವಾಸನೆ ಬಂದಂತಾಯಿತು, ಧೂಪದ್ದೂ ಇರಬಹುದು.

ಬೆಳಿಗ್ಗೆ ನೋಡಿದರೆ ಜೋಳದ ಒಂದು ಸಾಲು ಮುರಿದು ಬಿದ್ದಿತ್ತು. ಮಣ್ಣು ಹಸಿಯಾಗಿದ್ದರೂ ಹೆಜ್ಜೆ ಗುರುತು ಸಿಗಲಿಲ್ಲ. ಕ್ಯಾಮೆರಾದ ಚಿತ್ರದಲ್ಲಿ ಬಾಗಿದ ದಂಟುಗಳಷ್ಟೇ. ಇನ್ನು ಮೇಲೆ 'ಹೊಲಕ್ಕೆ ಪ್ರಾಣಿ ಬಂದಿದೆ' ಎಂಬ ಸ್ಪಷ್ಟವಾದ ಹೆಸರಿಡುತ್ತೇನೆ ಎಂದೆ. "ಮಡಕ್ಕೋ. ದೊಡ್ಡೋರು ಅನ್ನೋದೂ ಅಂಗೇ ಇರ್ಲಿ ಬುಡು," ಎಂದರು ಅತ್ತೆ.

ಇದೆ. ಅದನ್ನು 'ಹೌದು' ಮಾಡುವ ಪ್ರೋಗ್ರಾಮಿನ ಸಾಲನ್ನು ಮಾತ್ರ ಅಳಿಸಿದ್ದೇನೆ, ಅತ್ತೆಗೆ ಹೇಳಿಲ್ಲ. ಆ ಸಂಜೆ ಬಂದದ್ದು ಏನು, ಅಥವಾ ಯಾರು ಎಂದು ನನಗೆ ಗೊತ್ತಿಲ್ಲ.