ಕುರಿ ತುಳಿಯದ ನೆಲ

ನಮ್ಮ ಕಡೆಯ ಕುದುರೆ ಓಟದ ಹಾದಿ ವರ್ಷದ ಬಹುಪಾಲು ನೀರಿನಡಿ ಇರುತ್ತದೆ. ಕೊಟ್ಟೂರಿಗೂ ಕಾನಹೊಸಹಳ್ಳಿಗೂ ನಡುವಿನ ಹಳೆಯ ಕೆರೆ ಅದು. ಬೇಸಿಗೆಯಲ್ಲಿ ನೀರು ಸರಿದಾಗ ತೂಬಿನ ಕಲ್ಲುಕಂಬಗಳಿಂದ ಆಚೆ ದಡದ ಬೇವಿನ ಮರದವರೆಗೆ ನೇರ ನೆಲ ಕಾಣಿಸಿಕೊಳ್ಳುತ್ತದೆ. ಒಮ್ಮೆಗೆ ಎರಡೇ ಕುದುರೆ: ಒಂದು ಏರಿಯ ಕಡೆಯ ಸಾಲು, ಇನ್ನೊಂದು ಹೊಲದ ಕಡೆಯ ಸಾಲು.

ಬರೆಯಲು ಕಲಿತಾಗಿನಿಂದ ಪ್ರತಿ ಓಟದ ತಾರೀಕು, ಗೆದ್ದ ಕುದುರೆಯ ಬಣ್ಣ, ಗೆದ್ದ ಸಾಲು ಗುರುತು ಹಾಕುತ್ತ ಬಂದಿದ್ದೇನೆ. ಏರಿಯ ಕಡೆಯ ಗೀಟುಗಳೇ ಹೆಚ್ಚು. ಅಲ್ಲಿ ನೆಲ ಗಟ್ಟಿ, ಹೊಲದ ಕಡೆ ಮರಳು ಬೆರೆತಿದೆ.

ಈ ಸಲ ಚೀಟಿ ಎತ್ತಿದಾಗ ಏರಿಯ ಸಾಲು ಸೋದರಮಾವನ ಬಿಳಿ ಹೆಣ್ಣುಕುದುರೆಗೆ ಬಂತು. ಎದುರಾಳಿ ನಮ್ಮ ಮನೆಯದೇ ಕೆಂಪು ಗಂಡುಕುದುರೆ, ಸವಾರ ನಮ್ಮಣ್ಣ. ಅಪ್ಪನಿಗೂ ಮಾವನಿಗೂ ಬಾಜಿ ಬಿದ್ದಿತ್ತು: ಸೋತವರ ಕುದುರೆ ಗೆದ್ದವರ ಮನೆಗೆ.

“ಲೇ, ನಿನ್ನ ಮುದುಕಿಗೆ ನಮ್ಮ ಮನ್ಯಾಗ ಹುಲ್ಲು ಹಾಕಿಟ್ಟೀನಿ,” ಅಂದರು ಅಪ್ಪ.

“ಭಾವಾ, ಅಕ್ಕನ್ನ ಕೊಟ್ಟೀವಿ, ಸಾಕಾಗ್ಲಿಲ್ಲೇನು? ಕುದುರಿನೂ ಬೇಕಾ?” ಅಂದರು ಮಾವ. ಬಿಳಿ ಕುದುರೆಯನ್ನು ಮರಿಯಾಗಿದ್ದಾಗಿನಿಂದ ಸಾಕಿದವರು ಅವರು. ನಗುತ್ತಿದ್ದರೂ ಅದರ ಕತ್ತಿನ ಮೇಲಿಂದ ಕೈ ಮಾತ್ರ ತೆಗೆಯಲಿಲ್ಲ.

ಒಣಗಿದ ಕೆರೆಯ ನೆಲ ಕಾಲು ಸಿಕ್ಕಿಬೀಳುವಷ್ಟು ಅಗಲಕ್ಕೆ ಬಿರಿಯುತ್ತದೆ. ಅದಕ್ಕೇ ಓಟದ ಹಿಂದಿನ ದಿನ ಎರಡೂ ಸಾಲುಗಳ ಮೇಲೆ ಕುರಿ ಹಿಂಡು ನಡೆಸುತ್ತಾರೆ. ಸಣ್ಣ ಗೊರಸುಗಳು ಹೆಂಟೆ ಪುಡಿಮಾಡಿ ಬಿರುಕು ತುಂಬುತ್ತವೆ. ಆ ದಿನ ಏರಿಯ ಸಾಲಿನ ನಡುವೆ ಒಂದು ಕುರಿ ಮಲಗಿ ಮರಿ ಹಾಕಿತು. ಹಿಂಡು ಎರಡಾಗಿ ಸೀಳಿ ಅದನ್ನು ಬಳಸಿಕೊಂಡು ಹೋಯಿತು. ನಮ್ಮ ಕಡೆ ಮರಿ ಹುಟ್ಟಿದ ಜಾಗವನ್ನು ಮರುದಿನ ಹೊತ್ತು ಮುಳುಗುವತನಕ ಯಾರೂ ತುಳಿಯುವುದಿಲ್ಲ. ಹಾಗಾಗಿ ಬಿರುಕುಗಳು ಅಲ್ಲಿ ಹಾಗೆಯೇ ಬಾಯಿ ತೆರೆದುಕೊಂಡು ಉಳಿದವು.

ಅಪ್ಪ ಹೋಗಿ ನೋಡಿ ಬಂದು, “ಬಾಜಿ ಬ್ಯಾಡ ಬಿಡು,” ಅಂದರು. “ಕುದುರಿ ಕಾಲು ಮುರಕೊಂಡ್ರ ನನಗೇನು ಬಂತು?”

“ಆಡಿದ ಮಾತು ಐತಲ್ಲ ಭಾವಾ. ನನ್ನ ಕುದುರಿಗೆ ಕಣ್ಣದಾವ,” ಅಂದರು ಮಾವ.

ಮರುದಿನ ಬೆಳಿಗ್ಗೆ ಮಾವನೇ ಕುದುರೆ ಹತ್ತಿ ಕುಳಿತರು. ರುಮಾಲು ಬೀಸಿದ್ದೇ ತಡ, ಬಿಳಿ ಕುದುರೆ ಕೆಂಪು ಕುದುರೆಯನ್ನು ಹಿಂದೆ ಹಾಕಿತು. ಆ ಜಾಗ ಹತ್ತಿರವಾದಂತೆ ಏರಿಯ ಮೇಲಿನ ಜನರ ಕೂಗು ನಿಂತುಹೋಯಿತು. ಮಾವ ಲಗಾಮು ಸಡಿಲ ಬಿಟ್ಟು ಕತ್ತಿನ ಮೇಲೆ ಬಾಗಿದರು. ಕುದುರೆ ವೇಗ ಕಡಿಮೆ ಮಾಡಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ನಾಲ್ಕೂ ಕಾಲು ಒಳಗೆಳೆದುಕೊಂಡು ನೆಲ ಬಿಟ್ಟಿತು. ಅದರ ನೆರಳು ಮಾತ್ರ ಬಿರುಕುಗಳ ಮೇಲೆ ಹರಿದುಹೋದದ್ದನ್ನು ನಾನು ನೋಡಿದೆ. ಅಷ್ಟು ದೊಡ್ಡ ಮೈ ಅಷ್ಟು ಹೊತ್ತು ಗಾಳಿಯಲ್ಲಿ ಇರಬಲ್ಲುದೆಂದು ನನಗೆ ಗೊತ್ತಿರಲಿಲ್ಲ.

ಇಳಿದ ಮೇಲೆ ಮತ್ತೆ ಓಟ ಕೂಡಿಸಿಕೊಳ್ಳುವಷ್ಟರಲ್ಲಿ ಕೆಂಪು ಕುದುರೆ ಪಕ್ಕಕ್ಕೆ ಬಂದಿತ್ತು. ಬೇವಿನ ಮರದ ಹತ್ತಿರ ಅಣ್ಣ ಒಂದು ಕತ್ತಿನಷ್ಟು ಮುಂದಿದ್ದ. ಗೆದ್ದವನೇ ಕೆಳಗಿಳಿದು ಮಾವನ ಕಾಲು ಮುಟ್ಟಿದ.

ಕುದುರೆ ಕೈ ಬದಲಾದರೆ ಹಳೆಯ ಹಗ್ಗವನ್ನು ಜೊತೆಗೆ ಕೊಡುವುದಿಲ್ಲ. ಮಾವ ತಮ್ಮ ಹಗ್ಗ ಬಿಚ್ಚಿಕೊಂಡರು. ಅಪ್ಪ ನಮ್ಮದನ್ನು ಕಟ್ಟಿದರು. ಮಾವ ಬರಿಯ ಹಗ್ಗ ಹಿಡಿದು ಆ ಜಾಗಕ್ಕೆ ನಡೆದರು. ಈಚೆ ಕೊನೆಯ ಗೊರಸಿನ ಗುರುತು, ಆಚೆ ಇಳಿದ ಗುರುತು, ನಡುವೆ ಏನೂ ಇಲ್ಲ.

“ಹಿಡಿಯವ್ವ ಈ ತುದಿ,” ಅಂದರು, ಜೊತೆಗೆ ಹೋಗಿದ್ದ ನನಗೆ. ಜಿಗಿತ ಅಳೆಯಲು, ತುಳಿಯದ ಹಾಗೆ ಅಂಚಿನ ಗುಂಟ ಎಳೆದೆವು. ಹಗ್ಗ ಸಾಲಲಿಲ್ಲ.

ಅಪ್ಪ ಬಿಳಿ ಕುದುರೆ ಹಿಡಿದುಕೊಂಡು ಹಿಂದೆಯೇ ಬಂದಿದ್ದರು. ಕುದುರೆಯ ಕತ್ತಿಗೆ ಈಗಷ್ಟೇ ಕಟ್ಟಿದ ಹಗ್ಗ ಬಿಚ್ಚಿ ಮಾವನ ಕೈಗೆಸೆದರು. “ಗಂಟು ಹಾಕು. ಇದೂ ಸೇರ್ಲಿ.”

ಎರಡೂ ಸೇರಿ ಅಂತೂ ಮುಟ್ಟಿದವು.

“ಎಷ್ಟು ಅಂತ ಬರೀಲಿ?” ಎಂದು ಕೇಳಿದೆ.

“ಎರಡು ಮನಿ ಹಗ್ಗ ಅಂತ ಬರಿ,” ಅಂದರು ಅಪ್ಪ.

ಸಂಜೆ ಕುದುರೆ ನಮ್ಮ ಮನೆಗೆ ಬಂತು. ಅದರ ಕತ್ತಿನಲ್ಲಿ ಹಗ್ಗವಿರಲಿಲ್ಲ. ಮಾವ ಮುಂದೆ ನಡೆದರು, ಅದು ಅವರ ಹಿಂದೆ.